ಬ್ಯಾಟರಿ ಇಲ್ಲದೆ ಸೋಲಾರ್ ರಿಸರ್ವ್: ಪಾವಗಡದಲ್ಲಿ ನನ್ನ ಅನುಭವ

ಬ್ಯಾಟರಿ ಇಲ್ಲದೆ ಸೋಲಾರ್‌ನಲ್ಲಿ ರಿಸರ್ವ್ ಇಡೋಕೆ ಆಗಲ್ಲ ಅಂತ ಎರಡು ವರ್ಷ ಕೇಳಿಸಿಕೊಂಡೆ. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ರಿಸರ್ವ್ ಅಂದರೆ ಗ್ರಿಡ್‌ನಲ್ಲಿ ಕರೆಂಟ್ ಸಾಲದೆ ಫ್ರೀಕ್ವೆನ್ಸಿ ಇಳಿದಾಗ ತಕ್ಷಣ ಏರಿಸಿ ಕೊಡಲು ಸ್ವಲ್ಪ ಉತ್ಪಾದನೆಯನ್ನು ತಡೆದಿಟ್ಟುಕೊಳ್ಳುವುದು. 2050 ಮೆಗಾವ್ಯಾಟ್‌ನ ಪಾವಗಡ ಪಾರ್ಕ್‌ನಲ್ಲಿ ನಮ್ಮದು 50ರ ಒಂದು ಬ್ಲಾಕ್.

ಮೊದಲ ಪೆಟ್ಟು ದುಡ್ಡಿನದು. 40 ಬರುತ್ತಿದ್ದಾಗ 10% ತಡೆದಿಟ್ಟರೆ 4 ಮೆಗಾವ್ಯಾಟ್. ಐದು ಗಂಟೆಗೆ 20,000 ಯೂನಿಟ್, ಮೂರು ರೂಪಾಯಿ ಲೆಕ್ಕದಲ್ಲಿ ದಿನಕ್ಕೆ 60,000. ಮೂರನೇ ದಿನಕ್ಕೇ ಮಾಲೀಕರ ಫೋನ್ ಬಂತು, ನಿಲ್ಲಿಸಿದೆವು.

ಅದಕ್ಕಿಂತ ಕಷ್ಟ, ತಡೆದಿಟ್ಟದ್ದು ನಿಜವಾಗಿ ಎಷ್ಟಿದೆ ಅಂತ ತಿಳಿಯುವುದು. ನಾಲ್ಕು ಇನ್ವರ್ಟರ್‌ಗಳನ್ನು ಎಂಪಿಪಿಟಿಯಲ್ಲೇ (ಬಿಸಿಲಿಗೆ ಸಿಗುವಷ್ಟನ್ನೂ ಪೂರ್ತಿ ಕೊಡುವ ಸ್ಥಿತಿ) ಬಿಟ್ಟು, ಅವು ಕೊಡುವುದನ್ನು ನೋಡಿ ಉಳಿದವುಗಳ ಲೆಕ್ಕ ಹಾಕಿದೆ. ನಾಲ್ಕೂ ಕಂಟ್ರೋಲ್ ರೂಮ್ ಹತ್ತಿರದವು, ಅದೇ ತಪ್ಪಾಯಿತು. ಆ ತುದಿಯಲ್ಲಿ ಮೋಡ, ಇಲ್ಲಿ ಬಿಸಿಲು, ಇಲ್ಲದ ರಿಸರ್ವ್ ಇದೆ ಅಂತ ತೋರಿಸಿತು. ನಾಲ್ಕು ದಿಕ್ಕಿಗೆ ಚದುರಿಸಿ ಆರಿಸಿದ ಮೇಲೂ ಲೆಕ್ಕ 3-4% ಜಾಸ್ತಿಯೇ ಬರುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡು ಕೊನೆಗೆ ಹೋಗಿ ನೋಡಿದರೆ, ಹುಡುಗರು ಆ ನಾಲ್ಕರ ಪ್ಯಾನೆಲ್‌ಗಳನ್ನೇ ಮೊದಲು ತೊಳೆಯುತ್ತಿದ್ದರು! ಅದೇ ನೆಪದಲ್ಲಿ ಒಂದು ಸಾಲನ್ನು ಬೇಸಿಗೆಯಲ್ಲಿ ಎರಡು ವಾರ ತೊಳೆಯದೆ ಬಿಟ್ಟೆ, ಸುಮಾರು 5% ಇಳಿಯಿತು. ಈಗ ದಿನಾ ಬೆಳಗ್ಗೆ ಧೂಳಿಗೊಂದು ತಿದ್ದುಪಡಿ ಹಾಕುತ್ತೇನೆ. ಅದು ಹೇಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ.

ಆಮೇಲೆ ವೇಗ. ಗ್ರಿಡ್ ಫ್ರೀಕ್ವೆನ್ಸಿ 50ರಿಂದ 0.3 ಹರ್ಟ್ಸ್‌ಗಿಂತ ಜಾಸ್ತಿ ಸರಿದರೆ ಒಂದು ಸೆಕೆಂಡಿನೊಳಗೆ ಸಾಮರ್ಥ್ಯದ 10% ಕೊಡುವ ವ್ಯವಸ್ಥೆ ಇರಬೇಕು ಅನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ (ಸಿಇಎ) ನಿಯಮ. ನಮ್ಮದು ಐದು ಸೆಕೆಂಡ್ ತಗೊಳ್ಳುತ್ತಿತ್ತು. ಎಲ್ಲರೂ ತಪ್ಪನ್ನು ಡೇಟಾ ನೆಟ್‌ವರ್ಕ್ ಮೇಲೆ ಹಾಕಿದರು. ಸ್ವಿಚ್‌ಗಳನ್ನು ಬದಲಿಸಲು ಎರಡು ಲಕ್ಷ ಹೋಯಿತು, ಕಡಿಮೆಯಾದದ್ದು ಬರೀ ಅರ್ಧ ಸೆಕೆಂಡ್. ತಪ್ಪು ಇದ್ದದ್ದು ಇನ್ವರ್ಟರ್ ಒಳಗಿನ ರ‍್ಯಾಂಪ್ ಮಿತಿಯಲ್ಲಿ (ಉತ್ಪಾದನೆ ಎಷ್ಟು ವೇಗವಾಗಿ ಏರಬಹುದು ಅನ್ನುವ ಮಿತಿ), ಕಮಿಷನಿಂಗ್ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಸಡಿಲಿಸಿದ ಮೇಲೆ ಸೆಕೆಂಡಿನೊಳಗೆ ಬಂತು.

ದುಡ್ಡಿನ ದಾರಿ ಕೊನೆಗೆ ಹೊಳೆಯಿತು. ಮಧ್ಯಾಹ್ನ ಗ್ರಿಡ್ ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್‌ನಿಂದ ಬ್ಯಾಕ್ ಡೌನ್ (ಉತ್ಪಾದನೆ ಇಳಿಸಿ ಅನ್ನುವ ಸೂಚನೆ) ಬಂದಾಗ ಹೇಗೂ ಇಳಿಸಲೇಬೇಕಲ್ವಾ? ಆ ಯೂನಿಟ್‌ಗಳು ಹೋದ ಹಾಗೆಯೇ. ಅವನ್ನೇ ರಿಸರ್ವ್ ಅಂತ ಕಂಟ್ರೋಲರ್‌ಗೆ ಹೇಳಿಕೊಟ್ಟೆ. ಉಳಿದ ಹೊತ್ತು 2% ಮಾತ್ರ ತಡೆಯುತ್ತೇವೆ. ನಷ್ಟ ಈಗ ದಿನಕ್ಕೆ ಏಳೆಂಟು ಸಾವಿರ.

ಹೋದ ತಿಂಗಳು ಒಂದು ಮಧ್ಯಾಹ್ನ ಬ್ಯಾಕ್ ಡೌನ್ ಇದ್ದಾಗಲೇ ಫ್ರೀಕ್ವೆನ್ಸಿ 49.83ಕ್ಕೆ ಇಳಿಯಿತು. ಡ್ರೂಪ್ 4% (ಫ್ರೀಕ್ವೆನ್ಸಿ 50ರ 4%, ಅಂದರೆ 2 ಹರ್ಟ್ಸ್ ಇಳಿದರೆ ಪೂರ್ತಿ 50 ಮೆಗಾವ್ಯಾಟ್ ಏರಬೇಕು ಅನ್ನುವ ಲೆಕ್ಕ), ಡೆಡ್ ಬ್ಯಾಂಡ್ 0.03 (ಅಷ್ಟರವರೆಗಿನ ಇಳಿಕೆ ಲೆಕ್ಕಕ್ಕಿಲ್ಲ), ಅಂದರೆ 3.5 ಮೆಗಾವ್ಯಾಟ್ ಏರಬೇಕು. ಏರಿದ್ದು 3.4. ಆಗಲ್ಲ ಅಂದಿದ್ದ ನಮ್ಮ ಮ್ಯಾನೇಜರ್ ಆ ಏರಿಕೆಯ ಗ್ರಾಫ್ ಪ್ರಿಂಟ್ ತೆಗೆಸಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ.