ಅಡುಗೆಮನೆಯ ಪೋಲು ತಡೆಯುವ ಆ್ಯಪ್ ರೂಪಿಸುವುದು ಹೇಗೆ?

ಮನೆಯಲ್ಲಿ ಆಹಾರ ಹಾಳಾಗುವುದನ್ನು ತಡೆಯುವ ಮೊಬೈಲ್ ಆ್ಯಪ್ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲೂ ಹ್ಯಾಕಥಾನ್‌ಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಿಷಯ. ಅಂಥ ಪ್ರದರ್ಶನಗಳಲ್ಲಿ ತೀರ್ಪುಗಾರನಾಗಿ ಕುಳಿತು ನಾನು ಗಮನಿಸಿದಂತೆ, ಹೆಚ್ಚಿನವು ಒಂದೇ ಕಡೆ ಎಡವುತ್ತವೆ. ಮನೆಗೆ ಬಂದ ಪ್ರತಿಯೊಂದು ಪದಾರ್ಥದ ಹೆಸರು, ತೂಕ, ಕೊಂಡ ದಿನ, ಕೆಡುವ ದಿನ ಎಲ್ಲವನ್ನೂ ಬಳಸುವವರೇ ತುಂಬಬೇಕೆಂದು ಅವು ನಿರೀಕ್ಷಿಸುತ್ತವೆ. ಸಂತೆಯಿಂದ ಎರಡು ಚೀಲ ಹೊತ್ತು ಬಂದವರು ಅವನ್ನು ಕೆಳಗಿಳಿಸಿ ಮೊದಲು ನೀರು ಕುಡಿಯುತ್ತಾರೆಯೇ ಹೊರತು ಹದಿನೈದು ತರಕಾರಿಗಳ ವಿವರವನ್ನು ಫೋನಿನಲ್ಲಿ ಬರೆಯುತ್ತ ಕೂರುವುದಿಲ್ಲ. ಈ ಸತ್ಯವನ್ನು ಒಪ್ಪಿಕೊಂಡು ಆರಂಭಿಸಿದರೆ ಮುಂದಿನ ಹಂತಗಳಲ್ಲಿ ಅರ್ಧ ಕೆಲಸ ತಾನಾಗಿಯೇ ಕಡಿಮೆಯಾಗುತ್ತದೆ.

ಹಂತ 1: ಕಸದ ಬುಟ್ಟಿಯನ್ನು ನೋಡಿ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ಆಹಾರ ಪೋಲು ಸೂಚ್ಯಂಕ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ಪೋಲಾಗಿದ್ದು, ಅದರಲ್ಲಿ ಶೇ 60ರಷ್ಟು ಮನೆಗಳಿಂದಲೇ ಬಂದಿದೆ. ಭಾರತದ ಮನೆಗಳಲ್ಲಿ ತಲಾ ಪ್ರಮಾಣ ವರ್ಷಕ್ಕೆ 55 ಕಿಲೊ ಎಂಬುದು ಅದೇ ವರದಿಯ ಅಂದಾಜು. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ದಿನಕ್ಕೆ ಹೆಚ್ಚುಕಡಿಮೆ 600 ಗ್ರಾಂ. ಆದರೆ ಈ ಅಂಕಿಯಲ್ಲಿ ಬಾಳೆಹಣ್ಣಿನ ಸಿಪ್ಪೆ, ಮಾವಿನ ವಾಟೆ, ಮೊಟ್ಟೆಯ ಚಿಪ್ಪು, ಮೂಳೆಗಳಂಥ ತಿನ್ನಲಾಗದ ಭಾಗಗಳೂ ಸೇರಿವೆ. ಅವನ್ನು ಯಾವ ಆ್ಯಪ್ ಕೂಡ ಕಡಿಮೆ ಮಾಡಲಾರದು. ಆದ್ದರಿಂದ ವಿನ್ಯಾಸಕ್ಕೆ ಕೈಹಾಕುವ ಮೊದಲು ನಾಲ್ಕಾರು ಮನೆಗಳವರನ್ನು ಒಪ್ಪಿಸಿ, ಎರಡು ವಾರ ಸಿಪ್ಪೆ-ತೊಟ್ಟುಗಳನ್ನು ಒಂದು ಬುಟ್ಟಿಗೂ ತಿನ್ನಬಹುದಾಗಿದ್ದು ಹಾಳಾದದ್ದನ್ನು ಇನ್ನೊಂದಕ್ಕೂ ಹಾಕಿಸಿ, ಎರಡನ್ನೂ ಬೇರೆ ಬೇರೆಯಾಗಿ ತೂಗಿಸಿ. ಎರಡನೆಯ ಬುಟ್ಟಿಯಲ್ಲಿ ಅಕ್ಕಿ, ಬೇಳೆ, ಸಾಸಿವೆ, ಬೆಲ್ಲ ಸಾಮಾನ್ಯವಾಗಿ ಸಿಗುವುದಿಲ್ಲ. ಸಿಗುವುದು ಬಾಡಿದ ಸೊಪ್ಪು, ಕಪ್ಪಾದ ಕೊತ್ತಂಬರಿ, ಮೆತ್ತಗಾದ ಟೊಮೆಟೊ, ಅರ್ಧ ಹೆಚ್ಚಿಟ್ಟ ಎಲೆಕೋಸು, ಮಿಕ್ಕ ಅನ್ನ, ಹಿಂದಿನ ದಿನದ ಹುಳಿ, ಹುಳಿ ಬಂದ ದೋಸೆಹಿಟ್ಟು, ಒಣಗಿದ ಬ್ರೆಡ್ಡು.

ಹಂತ 2: ಏನನ್ನು ಬಿಡಬೇಕೆಂದು ತೀರ್ಮಾನಿಸಿ

ಡಬ್ಬಿಯ ದಿನಸಿಯನ್ನು ಪೂರ್ತಿ ಕೈಬಿಡಿ. ನಿಮ್ಮ ಆ್ಯಪ್ ಮನೆಯ ಉಗ್ರಾಣದ ಲೆಕ್ಕಪುಸ್ತಕವಲ್ಲ. ವಾರದೊಳಗೆ ಕೆಡುವ ಇಪ್ಪತ್ತು ಇಪ್ಪತ್ತೈದು ಪದಾರ್ಥಗಳನ್ನು ಮಾತ್ರ ಅದು ಗಮನಿಸಲಿ.

ಹಂತ 3: ಪದಾರ್ಥ ಸೇರಿಸುವ ಪರದೆ

ಹೆಚ್ಚಿನ ಆ್ಯಪ್‌ಗಳು ಸೋಲುವುದು ಇಲ್ಲಿಯೇ. ಆದ್ದರಿಂದ ನಿಮ್ಮ ಸಮಯದ ಬಹುಪಾಲನ್ನು ಈ ಒಂದು ಪರದೆಗೇ ಮೀಸಲಿಡಿ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಬಾರ್‌ಕೋಡ್ ಸ್ಕ್ಯಾನ್ ಮಾಡುವುದು. ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಇರುವ 13 ಅಂಕಿಗಳ ಬಾರ್‌ಕೋಡ್ ಆ ಉತ್ಪನ್ನ ಯಾವುದೆಂದು ಗುರುತಿಸುತ್ತದೆಯೇ ವಿನಾ ಅದು ಎಂದು ತಯಾರಾಯಿತು, ಎಂದಿಗೆ ಅವಧಿ ಮುಗಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮಲ್ಲಿ ಬೇಗ ಕೆಡುವ ಪದಾರ್ಥಗಳಲ್ಲಿ ಹೆಚ್ಚಿನವು ತಳ್ಳುಗಾಡಿಯಿಂದಲೋ ಸಂತೆಯಿಂದಲೋ ಬರುವಂಥವು. ದಂಟಿನ ಸೊಪ್ಪಿನ ಕಟ್ಟಿಗೆ ಬಾರ್‌ಕೋಡ್ ಇರುವುದಿಲ್ಲ. ಎರಡನೆಯ ಉಪಾಯ ಫ್ರಿಜ್ ತೆರೆದು ಒಂದು ಫೋಟೊ ತೆಗೆದರೆ ಆ್ಯಪ್ ತಾನೇ ಎಲ್ಲವನ್ನೂ ಗುರುತಿಸುವುದು. ಪ್ರದರ್ಶನದ ಮೇಜಿನ ಮೇಲೆ ಬಿಡಿಬಿಡಿಯಾಗಿ ಜೋಡಿಸಿಟ್ಟ ಕ್ಯಾರೆಟ್ಟು, ಸೇಬುಗಳ ವಿಷಯದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮನೆಯ ಫ್ರಿಜ್ಜಿನಲ್ಲಿ ತರಕಾರಿಗಳು ಒಂದರ ಮೇಲೊಂದು, ಚೀಲದೊಳಗೆ, ಪಾತ್ರೆಯ ಹಿಂದೆ ಇರುತ್ತವೆ. ಸ್ಟೀಲ್ ಡಬ್ಬಿಯೊಳಗಿರುವುದು ಪಲ್ಯವೋ ಚಟ್ನಿಯೋ ಎಂದು ಕ್ಯಾಮೆರಾಗೆ ತಿಳಿಯುವ ದಾರಿಯೇ ಇಲ್ಲ. ಈ ಹೆಸರಿನಲ್ಲಿ ಮಾರಾಟವಾಗುವ ಆ್ಯಪ್‌ಗಳಿಗೆ ಹಣ ಕೊಡಬೇಡಿ. ಅವನ್ನು ಅನುಕರಿಸಲೂ ಹೋಗಬೇಡಿ.

ನಾನು ಶಿಫಾರಸು ಮಾಡುವುದು ಚಿತ್ರಗಳ ಒಂದೇ ಪುಟ. ಸಾಲಿಗೆ ನಾಲ್ಕರಂತೆ ಆರು ಸಾಲು, ಒಟ್ಟು 24 ಚಿತ್ರ, ಪ್ರತಿಯೊಂದರ ಕೆಳಗೆ ಹೆಸರು. ಕೊಂಡು ತಂದದ್ದನ್ನು ಒಮ್ಮೆ ಮುಟ್ಟಿದರೆ ಅದು ‘ಇಂದು ಬಂದಿದೆ’ ಎಂದು ದಾಖಲಾಗಬೇಕು, ಅಷ್ಟೇ. ತೂಕ ಕೇಳಬೇಡಿ. ಒಂದು ಮನೆಯಲ್ಲಿ ಸೊಪ್ಪಿಗೆ ಕಟ್ಟು, ಇನ್ನೊಂದರಲ್ಲಿ ಹಿಡಿ. ಬದನೆಕಾಯಿಗೆ ಕಾಲು ಕಿಲೊ, ನುಗ್ಗೆಕಾಯಿಗೆ ಎಣಿಕೆ. ಪೋಲು ತಡೆಯಲು ಬೇಕಾದ ಮಾಹಿತಿ ‘ಇದೆ’ ಅಥವಾ ‘ಇಲ್ಲ’ ಎಂಬುದು ಮಾತ್ರ. ದಿನಾಂಕವನ್ನೂ ಕೇಳಬೇಡಿ, ಏಕೆಂದರೆ ಸಾಮಾನ್ಯವಾಗಿ ಅದು ಇಂದೇ ಆಗಿರುತ್ತದೆ. ನಿನ್ನೆಯದಾದರೆ ಚಿತ್ರವನ್ನು ಒತ್ತಿಹಿಡಿದು ಬದಲಿಸುವ ಅವಕಾಶವಿರಲಿ.

ಚಿತ್ರಗಳ ಜಾಗವನ್ನು ಯಾವ ಕಾರಣಕ್ಕೂ ತಾನಾಗಿ ಬದಲಾಗಲು ಬಿಡಬೇಡಿ. ಹೆಚ್ಚು ಕೊಳ್ಳುವುದು ಮೇಲೆ ಬರಲಿ ಎಂದು ಪುಟವನ್ನು ದಿನವೂ ಮರುಜೋಡಿಸುವ ಜಾಣತನ ಹಲವರಿಗೆ ಪ್ರಿಯ. ಆದರೆ ವಾರ ಕಳೆಯುವಷ್ಟರಲ್ಲಿ ಟೊಮೆಟೊ ಎಲ್ಲಿದೆಯೆಂದು ಹೆಬ್ಬೆರಳಿಗೆ ಅಭ್ಯಾಸವಾಗಿರುತ್ತದೆ. ಆ ಅಭ್ಯಾಸವನ್ನು ಕೆಡಿಸಿದ ದಿನವೇ ಆ್ಯಪ್ ಬಳಕೆ ನಿಲ್ಲುತ್ತದೆ. ಪಟ್ಟಿಯಲ್ಲಿ ಇಲ್ಲದ ಪದಾರ್ಥಕ್ಕೆ ಹುಡುಕುವ ಸೌಲಭ್ಯ ಬೇಕು. ಅಲ್ಲಿ ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ ಮೂರೂ ಒಂದೇ ಚಿತ್ರಕ್ಕೆ ಹೋಗಬೇಕು. ಬದನೆಕಾಯಿಯ ಜತೆಗೆ ಮುಳಗಾಯಿಯನ್ನೂ, ಆಲೂಗಡ್ಡೆಯ ಜತೆಗೆ ಬಟಾಟೆಯನ್ನೂ ಸೇರಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವವರು ಬಹಳ ಮಂದಿ ಇರುವುದರಿಂದ ಆ ರೂಪಗಳೂ ಪಟ್ಟಿಯಲ್ಲಿರಲಿ.

ಹೊರಗೆ ತೆಗೆಯುವುದಕ್ಕೆ ಎರಡೇ ಗುಂಡಿಗಳು ಸಾಕು: ‘ಮುಗಿಯಿತು’ ಮತ್ತು ‘ಎಸೆದೆವು’. ಎರಡಕ್ಕೂ ಒಂದೇ ಬಣ್ಣ ಕೊಡಿ. ‘ಎಸೆದೆವು’ ಒತ್ತಿದವರಿಗೆ ಅಳುವ ಮುಖವನ್ನೋ ನಷ್ಟವಾದ ರೂಪಾಯಿಯನ್ನೋ ತೋರಿಸಿದರೆ ಮರುದಿನದಿಂದ ಅವರು ನಿಜ ಹೇಳುವುದನ್ನು ಬಿಡುತ್ತಾರೆ. ಯಾವ ಗುಂಡಿಯನ್ನೂ ಒತ್ತದೆ ಅವಧಿ ಮೀರಿದ ಪದಾರ್ಥ ಕೆಲವು ದಿನಗಳ ನಂತರ ತಾನಾಗಿ ಪಟ್ಟಿಯಿಂದ ಹೊರಹೋಗಬೇಕು. ಆರು ವಾರದ ಹಿಂದಿನ ಪಾಲಕ್ ಇನ್ನೂ ಪಟ್ಟಿಯಲ್ಲಿ ಉಳಿದಿದ್ದರೆ ಇಡೀ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ.

ಇನ್ನು ಮಿಕ್ಕ ಅಡುಗೆ. ಪಾಶ್ಚಾತ್ಯ ಮಾದರಿಯನ್ನು ನಕಲು ಮಾಡಿದ ಆ್ಯಪ್‌ಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಪೋಲಿನ ದೊಡ್ಡ ಪಾಲು ಇದೇ ಎಂಬುದನ್ನು ಆ ಎರಡನೆಯ ಬುಟ್ಟಿಯೇ ತೋರಿಸುತ್ತದೆ. ‘ಉಳಿದಿದೆ’ ಎಂಬ ಬೇರೆ ಗುಂಡಿಯಿಟ್ಟು ಅದರೊಳಗೆ ಅನ್ನ, ಸಾರು-ಹುಳಿ, ಪಲ್ಯ, ಹಿಟ್ಟು ಎಂಬ ನಾಲ್ಕು ಆಯ್ಕೆ ಕೊಡಿ. ಇಲ್ಲಿ ಮಾತ್ರ ಎರಡು ಪ್ರಶ್ನೆ ಕೇಳಲೇಬೇಕು: ಯಾವ ಹೊತ್ತಿನ ಅಡುಗೆ, ಮತ್ತು ಫ್ರಿಜ್ಜಿನಲ್ಲಿ ಇಟ್ಟಿದ್ದೀರಾ. ಅನ್ನದ ವಿಷಯದಲ್ಲಿ ಎರಡನೆಯ ಪ್ರಶ್ನೆ ಆರೋಗ್ಯಕ್ಕೆ ಸಂಬಂಧಿಸಿದ್ದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿದರೂ ಉಳಿಯುತ್ತವೆ. ಅನ್ನ ಬೆಚ್ಚಗೆ ಹೊರಗೇ ಇದ್ದರೆ ಅವು ಮೊಳೆತು ವಿಷ ಉತ್ಪತ್ತಿ ಮಾಡಬಲ್ಲವು, ಮತ್ತು ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಿದ ಅನ್ನಕ್ಕೆ ಮಾತ್ರ ಆ್ಯಪ್ ‘ಬೆಳಿಗ್ಗೆ ಚಿತ್ರಾನ್ನ ಮಾಡಿ’ ಎಂದು ಹೇಳಲಿ. ಉಳಿದದ್ದಕ್ಕೆ ಏನನ್ನೂ ಸೂಚಿಸದಿರಲಿ. ಪೋಲು ತಡೆಯುವ ಉತ್ಸಾಹದಲ್ಲಿ ಯಾರದೋ ಹೊಟ್ಟೆ ಕೆಡಿಸುವ ಹಕ್ಕು ವಿನ್ಯಾಸಕಾರರಿಗೆ ಇಲ್ಲ.

ಹಂತ 4: ಎಷ್ಟು ದಿನ ಬಾಳುತ್ತದೆ ಎಂಬ ಅಂದಾಜು

ಒಂದು ಪದಾರ್ಥಕ್ಕೆ ಒಂದೇ ದಿನಾಂಕ ನಿಗದಿ ಮಾಡುವುದು ತಪ್ಪು. ಮೇ ತಿಂಗಳ ಮಂಗಳೂರಿನಲ್ಲಿ ಹೊರಗಿಟ್ಟ ಬಾಳೆಹಣ್ಣು, ಡಿಸೆಂಬರಿನ ಬೆಂಗಳೂರಿನಲ್ಲಿ ಹೊರಗಿಟ್ಟ ಬಾಳೆಹಣ್ಣು ಒಂದೇ ವೇಗದಲ್ಲಿ ಕಳಿಯುವುದಿಲ್ಲ. ಎಥಿಲೀನ್ ಅನಿಲ ಬಿಡುವ ಬಾಳೆ, ಮಾವು, ಸೇಬುಗಳ ಪಕ್ಕದಲ್ಲಿ ಇಟ್ಟ ಸೊಪ್ಪು ಇನ್ನೂ ಬೇಗ ಹಳದಿಯಾಗುತ್ತದೆ. ಆದ್ದರಿಂದ ‘ಎರಡರಿಂದ ನಾಲ್ಕು ದಿನ’ ಎಂಬಂಥ ವ್ಯಾಪ್ತಿಯಿಂದ ಆರಂಭಿಸಿ, ‘ಇನ್ನೂ ಚೆನ್ನಾಗಿದೆ’ ಎಂಬ ಗುಂಡಿ ಒತ್ತಿದಾಗಲೆಲ್ಲ ಆ ಮನೆಯ ಅಂದಾಜನ್ನು ಸ್ವಲ್ಪ ಮುಂದಕ್ಕೆ, ‘ಎಸೆದೆವು’ ಒತ್ತಿದಾಗ ಸ್ವಲ್ಪ ಹಿಂದಕ್ಕೆ ಸರಿಸಿ. ಇದಕ್ಕೆ ಸರಳ ಸರಾಸರಿ ಸಾಕು. ಕೃತಕ ಬುದ್ಧಿಮತ್ತೆ ಎಂಬ ಪದವನ್ನು ಜಾಹೀರಾತಿಗಾಗಿ ಅಂಟಿಸಬೇಡಿ.

ರುಚಿ ಇಳಿಯುವುದನ್ನೂ ಅಪಾಯವನ್ನೂ ಬೇರೆ ಬೇರೆಯಾಗಿ ತೋರಿಸುವುದು ಮುಖ್ಯ. ಫ್ರಿಜ್ಜಿನಲ್ಲಿರುವ ದೋಸೆಹಿಟ್ಟು ಹುಳಿಯಾಗುತ್ತ ಹೋಗುವುದು ರುಚಿಯ ವಿಷಯ: ಹೊಸದಿರುವಾಗ ಇಡ್ಲಿ, ಆಮೇಲೆ ದೋಸೆ, ಇನ್ನೂ ಹುಳಿ ಬಂದಾಗ ಈರುಳ್ಳಿ ಹಾಕಿ ಪಡ್ಡು ಎಂದು ಆ್ಯಪ್ ಸೂಚಿಸಬಹುದು. ಹುಳಿ ಮೊಸರಿಗೆ ಮಜ್ಜಿಗೆಹುಳಿ ಇದೆ. ಬೂಷ್ಟು ಹಿಡಿದದ್ದಕ್ಕೆ, ಲೋಳೆಯಾದದ್ದಕ್ಕೆ ಯಾವ ಅಡುಗೆಯೂ ಇಲ್ಲ. ‘ಇದು ಸುರಕ್ಷಿತ’ ಎಂಬ ವಾಕ್ಯ ನಿಮ್ಮ ಆ್ಯಪ್‌ನಲ್ಲಿ ಎಲ್ಲಿಯೂ ಬರಬಾರದು. ‘ನೋಡಿ, ಮೂಸಿ, ಬೇಗ ಬಳಸಿ’ ಎಂಬಷ್ಟಕ್ಕೆ ನಿಲ್ಲಿಸಿ.

ಹಂತ 5: ನೆನಪಿಸುವುದು

ದಿನಕ್ಕೆ ಒಂದೇ ನೋಟಿಫಿಕೇಷನ್, ಅದರಲ್ಲಿ ಮೂರಕ್ಕಿಂತ ಹೆಚ್ಚು ಪದಾರ್ಥ ಬೇಡ. ಸಮಯವನ್ನು ಮನೆಯವರೇ ಆರಿಸಲಿ, ಆದರೆ ಮೊದಲೇ ಸಂಜೆ ಆರು ಗಂಟೆ ಎಂದು ಇಟ್ಟಿರಿ. ಆ ಹೊತ್ತಿನಲ್ಲಿ ರಾತ್ರಿಯ ಅಡುಗೆ ಇನ್ನೂ ತೀರ್ಮಾನವಾಗಿರುವುದಿಲ್ಲ, ಹೊರಗಿರುವವರು ತರಕಾರಿ ಕೊಳ್ಳುವ ಮೊದಲು ಮನೆಯಲ್ಲಿ ಏನಿದೆ ಎಂದು ನೋಡಬಹುದು. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಬಹಳಷ್ಟು ಮನೆಗಳಲ್ಲಿ ಆ ಹೊತ್ತಿಗೆ ಡಬ್ಬಿ ಕಟ್ಟಿ ಮುಗಿದಿರುತ್ತದೆ.

ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಷನ್ ಕಳುಹಿಸಲು ಬಳಕೆದಾರರ ಅನುಮತಿ ಬೇಕು, ಮತ್ತು ಎರಡು ಬಾರಿ ನಿರಾಕರಿಸಿದರೆ ವ್ಯವಸ್ಥೆ ಮತ್ತೆ ಕೇಳಲು ಬಿಡುವುದಿಲ್ಲ. ಆದ್ದರಿಂದ ಆ್ಯಪ್ ತೆರೆದ ತಕ್ಷಣ ಕೇಳದೆ, ಮೊದಲ ಪದಾರ್ಥ ಸೇರಿಸಿದ ಮೇಲೆ ‘ಇದನ್ನು ಸಂಜೆ ನೆನಪಿಸಬೇಕೇ?’ ಎಂದು ಕೇಳಿ. ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಕೆಲಸಗಳನ್ನು ನಿಲ್ಲಿಸುವ ಫೋನುಗಳೂ ಇರುವುದರಿಂದ ಅಗ್ಗದ ಫೋನಿನಲ್ಲೇ ಪರೀಕ್ಷಿಸಿ. ಹೋಮ್‌ಸ್ಕ್ರೀನ್ ಮೇಲೆ ಸದಾ ಕಾಣುವ ಸಣ್ಣ ವಿಜೆಟ್ ಕೂಡ ಕೊಡಿ.

ಕೊಳ್ಳುವವರು ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು ಇರುವ ಮನೆಗಳೇ ಹೆಚ್ಚು. ಫೋನ್ ಮುಟ್ಟದ ಅಜ್ಜಿಗೂ, ಬೆಳಿಗ್ಗೆ ಬಂದು ಹೋಗುವ ಅಡುಗೆಯವರಿಗೂ ಇಂದಿನ ಮೂರು ಪದಾರ್ಥಗಳ ಹೆಸರು ತಲುಪಬೇಕಾದರೆ, ಪಟ್ಟಿಯನ್ನು ವಾಟ್ಸ್‌ಆ್ಯಪ್‌ಗೆ ಸರಳ ಅಕ್ಷರಗಳಲ್ಲಿ ಕಳುಹಿಸುವ ಮತ್ತು ಗಟ್ಟಿಯಾಗಿ ಓದುವ ಸೌಲಭ್ಯ ಇರಲೇಬೇಕು.

ಹಂತ 6: ಕನ್ನಡ ಪರದೆ

ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಲ್ಲಿ ‘ಬೆಳ್ಳುಳ್ಳಿ’ಯ ಬುಡ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಹೆಚ್ಚಿಸಿ, ಎರಡು ಸಾಲಿಗೆ ಜಾಗ ಬಿಡಿ. ‘0 ದಿನ ಬಾಕಿ’ ಎಂದು ಬರೆಯಬೇಡಿ, ‘ಇಂದೇ ಬಳಸಿ’ ಎಂದು ಬರೆಯಿರಿ. ಇಂಗ್ಲಿಷಿನಲ್ಲಿ ಬರೆದು ಯಂತ್ರಾನುವಾದ ಮಾಡಿಸುವ ಅಡ್ಡದಾರಿ ಬೇಡವೇ ಬೇಡ.

ಹಂತ 7: ಮಾಹಿತಿಯ ಗೋಪ್ಯತೆ

ಅಡುಗೆಮನೆಯ ಪಟ್ಟಿಯಿಂದ ಆ ಮನೆಯ ಆದಾಯ, ಆರೋಗ್ಯ, ಧರ್ಮ, ಮಾಂಸಾಹಾರವೋ ಸಸ್ಯಾಹಾರವೋ ಎಂಬುದೆಲ್ಲವನ್ನೂ ಊಹಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿಯನ್ನು ಕೇಳುತ್ತದೆ. ಅದಕ್ಕಿಂತ ಒಳ್ಳೆಯ ಮಾರ್ಗವೆಂದರೆ ಮಾಹಿತಿ ಫೋನಿನಿಂದ ಹೊರಗೇ ಹೋಗದಂತೆ ನೋಡಿಕೊಳ್ಳುವುದು. ಲಾಗಿನ್, ಮೊಬೈಲ್ ಸಂಖ್ಯೆ, ಒಟಿಪಿ ಯಾವುದೂ ಇಲ್ಲದೆ ಈ ಆ್ಯಪ್ ನಡೆಯಬಲ್ಲದು.

ಹಂತ 8: ಕಟ್ಟುವುದು, ಅಳೆಯುವುದು

ಕೋಡ್ ಬರೆಯುವುದು ಇದರಲ್ಲಿ ಸುಲಭದ ಕೆಲಸ. ಅದಕ್ಕೂ ಮೊದಲು ಪರದೆಗಳನ್ನು ಕಾಗದದ ಮೇಲೆ ಬರೆದು ಐದು ಮನೆಗಳವರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ ಅವರ ಬೆರಳು ಎಲ್ಲಿ ತಡೆಯುತ್ತದೆ ಎಂದು ನೋಡಿ.

ಆ್ಯಪ್ ಸಿದ್ಧವಾದ ಮೇಲೆ ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಎಂಬುದನ್ನು ಯಶಸ್ಸೆಂದು ಎಣಿಸಬೇಡಿ. ಮೊದಲ ಹಂತದ ಮನೆಗಳಿಗೇ ಮರಳಿ ಹೋಗಿ, ಅದೇ ಎರಡು ಬುಟ್ಟಿಗಳನ್ನು ಅದೇ ತಕ್ಕಡಿಯಲ್ಲಿ ಇನ್ನೆರಡು ವಾರ ತೂಗಿಸಿ. ತೂಗುತ್ತಿದ್ದೇವೆ ಎಂಬ ಅರಿವಿನಿಂದಲೇ ಜನ ಎಸೆಯುವುದನ್ನು ಕಡಿಮೆ ಮಾಡುತ್ತಾರೆ. ಆದ್ದರಿಂದ ಆ್ಯಪ್ ಕೊಡದ ಕೆಲವು ಮನೆಗಳಲ್ಲೂ ಎರಡೂ ಸಲ ತೂಗಿಸಿ ಹೋಲಿಸಬೇಕು. ಹಬ್ಬ, ಮದುವೆ, ನೆಂಟರು ಬಂದ ವಾರಗಳನ್ನು ಲೆಕ್ಕದಿಂದ ಹೊರಗಿಡಿ. ಎರಡನೆಯ ಬುಟ್ಟಿಯ ತೂಕ ಇಳಿಯದಿದ್ದರೆ ಹೊಸ ಸೌಲಭ್ಯ ಸೇರಿಸಲು ಹೊರಡದೆ, ಯಾವ ಪದಾರ್ಥ ಇನ್ನೂ ಅಲ್ಲಿ ಬೀಳುತ್ತಿದೆ ಎಂದು ಕೆದಕಿ ನೋಡಿ, ಆ ಒಂದರ ಅಂದಾಜು ದಿನವನ್ನೂ ನೆನಪಿಸುವ ಹೊತ್ತನ್ನೂ ಮೊದಲು ಸರಿಪಡಿಸಿ.