ಋತ್ವಿಕ್: ಹೆಸರಿನ ಮೂಲ ಹುಡುಕುವುದು, ಕಾಗುಣಿತ ಗಟ್ಟಿ ಮಾಡಿಕೊಳ್ಳುವುದು

ರುತ್ವಿಕ್, ರಿತ್ವಿಕ್, ಹೃತ್ವಿಕ್. ಮೂರೂ ಬಳಕೆಯಲ್ಲಿವೆ, ಮೂರೂ ತಪ್ಪು. ಸರಿಯಾದ ರೂಪ ಋತ್ವಿಕ್.

ಮಗುವಿಗೆ ಇಡಬಹುದಾದ ಇಂಥ ಹೆಸರು ಕಿವಿಗೆ ಬಿದ್ದರೆ ಇಂಗ್ಲಿಷ್ ಅಕ್ಷರಗಳನ್ನು ಬದಿಗಿಟ್ಟು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ತ-ಥ, ನ-ಣ, ಶ-ಷ ಬೆರೆತುಹೋಗಿ ಮೂಲದ ಜಾಡು ತಪ್ಪುತ್ತದೆ.

ಆಮೇಲೆ ನಿಘಂಟು. ಕಿಟೆಲ್ (1894), ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳು, ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್ (1899) ಸಾಕು. ಕೊನೆಯದನ್ನು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಹುಡುಕಬಹುದು. ಹೆಚ್ಚಿನವರು ರ ಅಕ್ಷರದಡಿ ನೋಡಿ ‘ಇಲ್ಲ’ ಎಂದು ಪುಸ್ತಕ ಮುಚ್ಚುತ್ತಾರೆ. ಋ ಸ್ವರ, ಊ ಮುಗಿದ ಕೂಡಲೇ ಬರುತ್ತದೆ.

ಅಲ್ಲಿಗೆ ಹೋದರೂ ಸಂಸ್ಕೃತ ನಿಘಂಟಿನಲ್ಲಿ ‘ಋತ್ವಿಕ್’ ಸಿಗಲಿಕ್ಕಿಲ್ಲ, ಏಕೆಂದರೆ ಅದು ಕೊಡುವುದು ಪ್ರಾತಿಪದಿಕವನ್ನು, ಅಂದರೆ ವಿಭಕ್ತಿ ಸೇರದ ಮೂಲ ರೂಪವನ್ನು: ಋತ್ವಿಜ್. ಪ್ರಥಮಾ ವಿಭಕ್ತಿ ಏಕವಚನದಲ್ಲಿ ಜಕಾರ ಕಕಾರವಾಗುತ್ತದೆ. ವಣಿಜ್–ವಣಿಕ್, ವಾಚ್–ವಾಕ್, ದಿಶ್–ದಿಕ್ ಕೂಡ ಹೀಗೇ. ಕ್ ಕೊನೆಯ ಹೆಸರು ಸಿಗದಿದ್ದರೆ ಜ್, ಚ್, ಶ್ ಹಾಕಿ ಇನ್ನೊಮ್ಮೆ ಹುಡುಕಿ.

ಋತು ಮತ್ತು ಯಜ್ ಧಾತು ಸೇರಿ ಆದ ಪದವಿದು: ಸಕಾಲದಲ್ಲಿ ಯಜಿಸುವವನು, ಯಜ್ಞ ನಡೆಸುವ ಪುರೋಹಿತ. ಋಗ್ವೇದದ ಮೊದಲ ಮಂತ್ರದಲ್ಲೇ ಅಗ್ನಿಯನ್ನು ‘ಋತ್ವಿಜಂ’ ಎಂದು ಕರೆದಿದೆ. ಸೋಮಯಾಗಕ್ಕೆ 16 ಋತ್ವಿಜರು ಬೇಕು. ಹೋತೃ, ಅಧ್ವರ್ಯು, ಉದ್ಗಾತೃ, ಬ್ರಹ್ಮ ಮುಖ್ಯರು. ಧಾತು ತೋರಿಸದೆ ಬರೀ ಅರ್ಥ ಕೊಡುವ ಹೆಸರಿನ ಪಟ್ಟಿಗಳನ್ನು ನಂಬಬೇಡಿ. ‘ಹೃತ್ವಿಕ್’ಗೆ ಹೃದಯದ ನಂಟು ಹೇಳುವವರಿದ್ದಾರೆ, ಆದರೆ ಅಂಥ ಪದವೇ ಇಲ್ಲ. ‘ಹೃತ’ ಎಂದರಂತೂ ಕದ್ದೊಯ್ದದ್ದು; ‘ಅಪಹೃತ’ ನೆನಪಿಸಿಕೊಳ್ಳಿ.

ಇಂಗ್ಲಿಷ್ ಕಾಗುಣಿತದಲ್ಲಿ ನಿಜವಾದ ಆಯ್ಕೆ ಎರಡೇ ಕಡೆ. ಋ ನಮ್ಮ ಬಾಯಲ್ಲಿ ‘ರು’, ಹಿಂದಿಯವರಿಗೆ ‘ರಿ’. ‘ಯು’ ಹಾಕಿದರೆ ವಿದೇಶದಲ್ಲಿ ‘ರೂತ್’ ಎಂಬ ಹೆಣ್ಣು ಹೆಸರಿನಂತೆ ಓದುವ ಸಂಭವವಿದೆ, ‘ಐ’ ವಾಸಿ. ಇನ್ನು ತ: ಲತಾ, ಗೀತಾ ಬರೆಯುವಾಗ ನಾವು ‘ಟಿಎಚ್’ ಹಾಕುತ್ತೇವೆ, ಉತ್ತರದವರು ಬರೀ ‘ಟಿ’. ಬಂಗಾಳದ ನಿರ್ದೇಶಕ ಋತ್ವಿಕ್ ಘಟಕ್ ಅವರ ಹೆಸರಿನಲ್ಲಿ ‘ಟಿ’ ಜೊತೆಗೆ ‘ಡಬ್ಲ್ಯು’ ಇದೆ. ಯಾವುದಾದರೂ ನಡೆಯುತ್ತದೆ, ಎಲ್ಲ ದಾಖಲೆಯಲ್ಲೂ ಅದೇ ಇರಬೇಕು. ಸಂಖ್ಯಾಶಾಸ್ತ್ರಕ್ಕೆಂದು ತುರುಕಿದ ಹೆಚ್ಚುವರಿ ‘ಎಚ್’ ಒಂದರಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋದರೆ ಪಾಸ್‌ಪೋರ್ಟ್ ಹೊತ್ತಿಗೆ ಅಫಿಡವಿಟ್ಟಿನ ಓಡಾಟ ಶುರು.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರಿಗೆ ಅಷ್ಟು ಅವಸರವಿಲ್ಲ: ಹೆಸರಿಲ್ಲದ ನೋಂದಣಿಗೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅರ್ಜಿಯಲ್ಲಿ ಎರಡೂ ಲಿಪಿಯಲ್ಲಿ ದಪ್ಪಗೆ ಬರೆದುಕೊಡಿ, ಇಲ್ಲವಾದರೆ ಟೈಪ್ ಮಾಡುವವರು ‘ರು’ ಹಾಕಿಬಿಟ್ಟಾರು. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರ್ ಬಿಡುವ ಮುಂಚೆ ಕನ್ನಡದ ಸಾಲನ್ನೂ ಓದಿ.

ಪ್ರತ್ಯಯ ಹತ್ತಿಸುವಾಗ ಕಂಪ್ಯೂಟರಿನಲ್ಲಿ ‘ಋತ್ವಿಕ್ನ’ ಎಂದು ಒತ್ತಕ್ಷರ ಮೂಡುತ್ತದೆ. ಕ್ ಆದ ಮೇಲೆ ಕಣ್ಣಿಗೆ ಕಾಣದ ‘ಶೂನ್ಯ ಅಗಲದ ಬೇರ್ಪಡಿಕೆ ಅಕ್ಷರ’ (ಇಂಗ್ಲಿಷಿನಲ್ಲಿ ZWNJ) ಸೇರಿಸಿದರೆ ‘ಋತ್ವಿಕ್‌ನ’ ಆಗುತ್ತದೆ. ಆ ಕೀಲಿ ಸಿಗದಿದ್ದರೆ ‘ಋತ್ವಿಕನ’ ಎನ್ನಿ. ಕನ್ನಡಕ್ಕೆ ಅದೇ ಸಹಜ.