ಆಟ ಆಡೋ ಮಕ್ಕಳಿಗೆ ಮಂಡಿ ನೋವಾ? ಮೊದ್ಲು ಎಲ್ಲಿ ನೋವು ಅಂತ ನೋಡಿ

ಬೆಳೆಯೋ ವಯಸ್ಸಲ್ಲಿ ಇದೆಲ್ಲಾ ಇದ್ದಿದ್ದೇ ಬಿಡು ಅಂತ ಸುಮ್ನಾಗೋದೂ ತಪ್ಪು, ಆಟನೇ ಬೇಡ ಅಂತ ಮೂಲೇಲಿ ಕೂರಿಸೋದೂ ತಪ್ಪು. ಮೊದ್ಲು ಒಂದೇ ಬೆರಳಲ್ಲಿ ನೋವಿರೋ ಜಾಗ ತೋರಿಸು ಅಂತ ಹೇಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮಂಡಿ ಚಿಪ್ಪಿನಿಂದ ಸ್ವಲ್ಪ ಕೆಳಗೆ ಉಬ್ಬಿರೋ ಮೂಳೆ ಮುಟ್ಟಿ ತೋರಿಸಿ, ಒತ್ತಿದ ತಕ್ಷಣ ಕಾಲು ಎಳ್ಕೊಂಡ್ರೆ ಅದು ಹೆಚ್ಚಾಗಿ ಆಸ್‌ಗುಡ್-ಶ್ಲಾಟರ್. 1903ರಲ್ಲಿ ಇದರ ಬಗ್ಗೆ ಬರೆದ ಇಬ್ರು ಡಾಕ್ಟರ್‌ಗಳ ಹೆಸರು ಅದು, ಹೆಸರು ಕೇಳಿ ಹೆದರ್ಬೇಡಿ. ತೊಡೆ ಮುಂದಿನ ದೊಡ್ಡ ಮಸಲ್ ಮಂಡಿ ಚಿಪ್ಪಿನ ಮೇಲಿಂದ ಬಂದು ಆ ಉಬ್ಬಿಗೇ ಅಂಟ್ಕೊಂಡಿರುತ್ತೆ, ಈ ವಯಸ್ಸಲ್ಲಿ ಆ ಜಾಗ ಇನ್ನೂ ಪೂರ್ತಿ ಗಟ್ಟಿ ಮೂಳೆ ಆಗಿರಲ್ಲ, ಮಕ್ಕಳು ಸಡನ್ನಾಗಿ ಉದ್ದ ಆಗ್ತಿರೋವಾಗ ಮಸಲ್ ಬಿಗಿಯಾಗುತ್ತೆ, ಅದ್ರ ಮೇಲೆ ದಿನಾ ಓಟ, ಜಂಪ್, ಕಿಕ್ ಅಂತ ಎಳೆದೂ ಎಳೆದೂ ಆ ಜಾಗ ನೋಯೋಕೆ ಶುರುವಾಗುತ್ತೆ. ಹುಡುಗೀರಿಗೆ ಸುಮಾರು 10-13, ಹುಡುಗ್ರಿಗೆ 12-15 ವಯಸ್ಸಲ್ಲಿ ಜಾಸ್ತಿ. ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯೋವಾಗ, ತುಂಬಾ ಹೊತ್ತು ಮಂಡಿ ಮಡಚಿ ಕೂತಾಗ ಜಾಸ್ತಿ ಅಂದ್ರೆ ಅದು ಬೇರೆ ತರ, ಆದ್ರೂ ನೋಡ್ಕೊಳ್ಳೋ ರೀತಿ ಹೆಚ್ಚುಕಮ್ಮಿ ಇದೇ.

ಪೂರ್ತಿ ರೆಸ್ಟ್ ಬೇಕಿಲ್ಲ. ನೋವಿಗೆ 10ಕ್ಕೆ ಎಷ್ಟು ಕೊಡ್ತೀಯ ಅಂತ ಕೇಳಿ. 3ರೊಳಗಿದ್ದು ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಇಳಿದಿದ್ರೆ ಆಡ್ಲಿ, ಅದಕ್ಕಿಂತ ಜಾಸ್ತಿ ಆದ್ರೆ ಅಥವಾ ಕುಂಟ್ತಾ ಇದ್ರೆ ಅವತ್ತಿಗೆ ಆಟ ಬಂದ್. ಮೊದ್ಲು ಜಂಪಿಂಗ್, ಸ್ಪ್ರಿಂಟ್ ಕಮ್ಮಿ ಮಾಡಿ, ಬದಲಿಗೆ ಈಜು, ಸೈಕಲ್ ನೋವಿಲ್ದೆ ಆದ್ರೆ ಮಾಡ್ಲಿ. ಕೋಚ್‌ಗೂ ಹೇಳಿ, ಇಲ್ಲಾಂದ್ರೆ ಮನೇಲಿ ನೀವು ಕಮ್ಮಿ ಮಾಡಿದ್ದನ್ನ ಅವ್ರು ಅಲ್ಲಿ ಮಾಡಿಸ್ತಾರೆ.

ಆಟ ಆದ್ಮೇಲೆ ಐಸನ್ನ ಬಟ್ಟೇಲಿ ಸುತ್ತಿ 15 ನಿಮಿಷ ಇಡಿ, ಬರೀ ಚರ್ಮದ ಮೇಲೆ ಬೇಡ. ತೊಡೆ ಹಿಂದೆ ಮುಂದೆ ಎರಡೂ ಕಡೆ ದಿನಾ 30 ಸೆಕೆಂಡ್ ಸ್ಟ್ರೆಚ್, ಮೆಲ್ಲಗೆ. ನೋವು ಇಳಿದಂಗೆ ತೊಡೆ, ಸೊಂಟದ ಮಸಲ್ ಗಟ್ಟಿ ಮಾಡೋ ಎಕ್ಸರ್‌ಸೈಜ್, ಇದನ್ನ ಫಿಸಿಯೋ ಹತ್ರ ಒಂದ್ಸಲ ಕಲಿತ್ರೆ ಒಳ್ಳೇದು. ನೋವಿನ ಮಾತ್ರೆ ನುಂಗಿ ಮ್ಯಾಚ್ ಆಡ್ಸೋದಂತೂ ಬೇಡ್ವೇ ಬೇಡ.

ರಾತ್ರಿ ನೋವಿಗೆ ಎಚ್ಚರ ಆಗೋದು, ಜ್ವರ, ಮಂಡಿಯೆಲ್ಲಾ ಊದೋದು, ಲಾಕ್ ಆಗೋದು, ಬಿದ್ಮೇಲೆ ಕಾಲೂರೋಕೆ ಆಗ್ದಿರೋದು, ಇವಕ್ಕೆ ಕಾಯ್ಬೇಡಿ, ಡಾಕ್ಟರ್ ಹತ್ರ ಹೋಗಿ. ಇನ್ನೊಂದು, ಸೊಂಟದ ಕೀಲಿನ ತೊಂದ್ರೆ ಕೂಡ ಮಂಡಿ ನೋವಾಗೇ ಕಾಣಿಸ್ಕೊಳ್ಳುತ್ತೆ. ಮಂಡಿ ಒತ್ತಿದ್ರೆ ಏನೂ ಇಲ್ಲ, ಆದ್ರೆ ಮಗು ಕುಂಟುತ್ತೆ, ಪಾದ ಹೊರಗೆ ತಿರುಗಿದೆ ಅಂದ್ರೆ ಅವತ್ತೇ ತೋರಿಸಿ, ಸೊಂಟನೂ ನೋಡಿ ಅಂತ ನೀವೇ ಕೇಳಿ.

ಆಸ್‌ಗುಡ್ ಆಗಿದ್ರೆ ಕೆಲವು ತಿಂಗಳು, ಕೆಲವ್ರಿಗೆ ಒಂದೆರಡು ವರ್ಷನೂ ಬಂದು ಹೋಗಿ ಮಾಡುತ್ತೆ, ಬೆಳವಣಿಗೆ ನಿಂತ ಮೇಲೆ ಹೆಚ್ಚಿನವ್ರಿಗೆ ಹೋಗುತ್ತೆ. ಉಬ್ಬು ಮಾತ್ರ ಹಾಗೇ ಉಳೀಬಹುದು, ಮಂಡಿಯೂರಿ ಕೂತಾಗ ಸ್ವಲ್ಪ ಚುಚ್ಚುತ್ತೆ ಅಷ್ಟೇ.